ಕಣ್ಣು ಮುಚ್ಚಿ ಪಾಸಾದ ಪರೀಕ್ಷೆ

ಕಣ್ಣಾಸ್ಪತ್ರೆಗೆ ಹೊಸದಾಗಿ ಸೇರುವ ಹುಡುಗಿಯರಿಗೆ ಉಪಯೋಗವಾಗುವಂತೆ ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದ್ದಾರೆ. ಕೇಳಿದವರು ಒಳ್ಳೆಯವರು, ಉಪಯೋಗವಾಗುತ್ತದೆ ಎಂದು ನಂಬಿದ್ದಾರೆ. ನಾನು ತ್ಯಾವಣಿಗೆಯ ಹಾಲಮ್ಮ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಸಂಚಾರಿ ಕಣ್ಣಾಸ್ಪತ್ರೆಯ ವ್ಯಾನಿಗೆ ಆಯಾ ಆಗಿ ಹತ್ತಿದೆ, ಆಯಾ ಆಗಿಯೇ ಇಳಿದೆ. ಹಾಗಾಗಿ ಬಡ್ತಿಯ ಕಥೆ ಹೇಳಿ ನಿಮ್ಮ ತಲೆ ತಿನ್ನುವ ಭಯವಿಲ್ಲ. ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ. ಬೈಗುಳಕ್ಕೆ ಕೈ ಹಚ್ಚಬೇಡ ಎಂದು ಅವಳಿಗೆ ಹೇಳಿದ್ದೇನೆ.

ನೀವು ಈಗ ಕೆಲಸ ಮಾಡುವ ಯಂತ್ರವನ್ನು ಹೋಗಿ ನೋಡಿ ಬಂದೆ. ತಣ್ಣನೆಯ ಕೋಣೆ, ತಿರುಗುವ ಕುರ್ಚಿ. ಬಿಳಿ ಬೋಗುಣಿಯ ಮುಂದೆ ರೋಗಿ ಗದ್ದ ಇಡುತ್ತಾನೆ, ಒಳಗೆ ದೀಪ ಮಿನುಗುತ್ತದೆ, ಕಂಡಾಗ ಗುಂಡಿ ಒತ್ತುತ್ತಾನೆ, ಪರದೆಯ ಮೇಲೆ ಚಿತ್ರ ಬರುತ್ತದೆ. ಅಷ್ಟು ಹೊತ್ತು ನೀವು ಫೋನ್ ನೋಡುತ್ತ ಕೂತಿರುತ್ತೀರಿ. ಅಂಥದೊಂದು ಯಂತ್ರವನ್ನು ನಮ್ಮ ಕಡೆಯ ಹಳ್ಳಿ ಜನರ ಮೇಲೆ ಪ್ರಯೋಗ ಮಾಡಿ ಮಾಡಿ ತಯಾರಿಸುವಾಗ ನಾನು ಜೊತೆಗಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಆ ಯಂತ್ರ ಒಬ್ಬ ಬಸ್ ಡ್ರೈವರಿಗೆ, ನಿನಗೆ ಎಲ್ಲ ಕಡೆಯೂ ಕಾಣುತ್ತದೆ ಹೋಗಪ್ಪ ಎಂದು ಚೀಟಿ ಬರೆಸಿಕೊಟ್ಟಿತು. ಅವನಿಗೆ ಎಡಗಡೆ ಕಾಣುತ್ತಿರಲಿಲ್ಲ. ಆ ಚೀಟಿ ಜೇಬಿನಲ್ಲಿಟ್ಟುಕೊಂಡು ಅವನು ಬಸ್ ತುಂಬ ಜನರನ್ನು ಕೂರಿಸಿಕೊಂಡು ಹೋದ. ಆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಇದು ಅದರ ಕಥೆ. ಉಳಿದ ಅನುಭವ ಏನಾದರೂ ಬೇಕಿದ್ದರೆ ಬೇರೆ ಯಾರನ್ನಾದರೂ ಕೇಳಿಕೊಳ್ಳಿ.

ಮೊದಲು ನಮ್ಮ ಬಳಿ ಇದ್ದದ್ದು ಒಂದು ಕಪ್ಪು ಬಟ್ಟೆ. ಗೋಡೆಗೆ ಮೊಳೆ ಹೊಡೆದು ಅದನ್ನು ತೂಗುಹಾಕುತ್ತಿದ್ದೆವು. ರೋಗಿ ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದು ಕಣ್ಣಿನಿಂದ ಬಟ್ಟೆಯ ನಡುವಿನ ಬೊಟ್ಟನ್ನೇ ದಿಟ್ಟಿಸಬೇಕು. ರುದ್ರಯ್ಯ ಡಾಕ್ಟರು ಕಪ್ಪು ಕಡ್ಡಿಯ ತುದಿಗೆ ಬಿಳಿ ಮಣಿ ಸಿಕ್ಕಿಸಿಕೊಂಡು ಅಂಚಿನಿಂದ ಒಳಗೆ ತರುತ್ತಿದ್ದರು. ಮಣಿ ಕಂಡ ಕೂಡಲೇ ರೋಗಿ ಹೇಳಬೇಕು. ಕಂಡ ಜಾಗಕ್ಕೆ ಗುಂಡುಸೂಜಿ ಚುಚ್ಚುವುದು ನನ್ನ ಕೆಲಸ. ನಾವು ನೇರ ನೋಡುತ್ತಿರುವಾಗಲೂ ಪಕ್ಕದಲ್ಲಿ ಎಮ್ಮೆ ಬಂದದ್ದು ಗೊತ್ತಾಗುತ್ತದಲ್ಲ, ಆ ಪಕ್ಕದ ನೋಟ ಎಷ್ಟಿದೆ ಎಂದು ಅಳೆಯುವ ವಿಧಾನ ಅದು. ಕಣ್ಣಿನೊಳಗಿನ ಒತ್ತಡ ಏರಿದರೆ ಆ ಪಕ್ಕದ ನೋಟ ಸದ್ದಿಲ್ಲದೆ ಹೋಗುತ್ತದೆ. ನೋವಿಲ್ಲ, ಕೆಂಪಿಲ್ಲ. ಗೋಡೆಯ ಮೇಲಿನ ಅಕ್ಷರ ಪೂರ್ತಿ ಓದುತ್ತಾನೆ, ಬಾಗಿಲ ಚೌಕಟ್ಟಿಗೆ ಹೋಗಿ ಭುಜ ಬಡಿದುಕೊಳ್ಳುತ್ತಾನೆ. ಹೋದದ್ದು ತಿರುಗಿ ಬರುವುದಿಲ್ಲ. ಇದ್ದದ್ದನ್ನು ಹನಿ ಹಾಕಿ ಉಳಿಸಿಕೊಳ್ಳಬಹುದು, ಅಷ್ಟೇ.

ಒಬ್ಬೊಬ್ಬರಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ರುದ್ರಯ್ಯನವರಿಗೆ ಅರ್ಧ ಗಂಟೆ ಒಬ್ಬ ರೋಗಿಯ ಮುಂದೆ ನಿಲ್ಲುವುದೆಂದರೆ ಮೈಯೆಲ್ಲ ತುರಿಕೆ. ಕೆಟ್ಟವರಲ್ಲ, ಕೈಗುಣ ಚೆನ್ನಾಗಿತ್ತು. ಆದರೆ ಮನುಷ್ಯ ಕ್ಯಾಂಪಿಗೆ ಬಂದ ಕೂಡಲೇ ಕೇಳುತ್ತಿದ್ದದ್ದು ಐಬಿ ಬಂಗಲೆಯಲ್ಲಿ ಊಟಕ್ಕೆ ಹೇಳಿದ್ದೀರಾ ಎಂದು. ಹಾಗಾಗಿ ಮಣಿ ಹಿಡಿಯುವ ಕೆಲಸವನ್ನು ಮಾಡುವ ಯಂತ್ರ ಬರುತ್ತದೆ ಎಂದಾಗ ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಅವರೇ.

ಯಂತ್ರದ ಜೊತೆ ಇಂಜಿನಿಯರ್ ಪದ್ಮನಾಭ ಬಂದರು. ಮೈಸೂರು ಕಡೆಯವರು. ಮೂವತ್ತೂ ಆಗಿರಲಿಲ್ಲ, ಆಗಲೇ ತಲೆಗೂದಲು ಕೈಬಿಟ್ಟಿತ್ತು. ಚನ್ನಗಿರಿಯ ಕ್ಯಾಂಪಿನಲ್ಲಿ ಮೊದಲ ಸಲ ಸಾಮಾನು ಇಳಿಸಿದೆವು. ಒಂದು ದೊಡ್ಡ ಅಲ್ಯೂಮಿನಿಯಂ ಬೋಗುಣಿ, ಒಳಗೆ ಬಿಳಿ ಬಣ್ಣ, ಅದರ ತುಂಬ ಸಣ್ಣ ಸಣ್ಣ ತೂತು, ಒಂದೊಂದು ತೂತಿನಲ್ಲೂ ಒಂದು ದೀಪ. ಜನ ಅದನ್ನು ಬಾಂಡ್ಲಿ ಎಂದೇ ಕರೆದರು. ಆಮೇಲೆ ತಂತಿ ತುಂಬಿದ ಒಂದು ಕಬ್ಬಿಣದ ಡಬ್ಬಿ, ಟೈಪು ಮಾಡುವ ಹಲಗೆಯಂಥ ಕಂಪ್ಯೂಟರು, ಒಂದು ಪುಟ್ಟ ಟಿವಿ, ಒಂದು ಟೇಪ್ ರೆಕಾರ್ಡರು. ಕಂಪ್ಯೂಟರಿಗೆ ಪಾಠ ಹೇಳಿಕೊಡಬೇಕಾದರೆ ದಿನಾ ಬೆಳಿಗ್ಗೆ ಒಂದು ಕ್ಯಾಸೆಟ್ ಹಾಕಬೇಕು. ಅದು ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚುತ್ತಿತ್ತು. ಹತ್ತು ನಿಮಿಷ ಕಿರುಚಿದ ಮೇಲೆ ಕರೆಂಟ್ ಹೋಗುತ್ತಿತ್ತು. ಬಂದ ಮೇಲೆ ಮತ್ತೆ ಮೊದಲಿನಿಂದ ಕಿರುಚು. ಕಂಪ್ಯೂಟರ್ ಯುಗ ಚನ್ನಗಿರಿಗೆ ಬಂದದ್ದು ಹೀಗೆ.

ಪದ್ಮನಾಭರು ರೋಗಿಗಳಿಗೆ ಮಾಡಿದ ಮೊದಲ ಭಾಷಣ ನನಗೆ ಇನ್ನೂ ನೆನಪಿದೆ.

"ದಯವಿಟ್ಟು ದೃಷ್ಟಿಯನ್ನು ಕೇಂದ್ರಬಿಂದುವಿನಲ್ಲಿ ಸ್ಥಿರವಾಗಿಡಿ. ಪರಿಧಿಯಲ್ಲಿ ಪ್ರಕಾಶ ಗೋಚರಿಸಿದಾಗ ಗುಂಡಿಯನ್ನು ಅದುಮಿ."

ಮುಂದೆ ಕೂತಿದ್ದ ಅಜ್ಜಿ ನನ್ನ ಸೆರಗು ಜಗ್ಗಿ, "ಏನಂತೈತವ್ವಾ ಈ ಹುಡುಗ? ಮಂತ್ರ ಹಾಕಾಕೆ ಬಂದೈತೇನು?" ಎಂದಳು.

"ನಡುವೆ ಕೆಂಪು ಚುಕ್ಕಿ ಐತೆ, ಅದನ್ನೇ ನೋಡ್ತಿರು. ಪಕ್ಕದಾಗೆ ಎಲ್ಲಾನಾ ದೀಪ ಮಿಣಕ್ ಅಂದ್ರೆ ಗುಂಡಿ ಒತ್ತು. ತಲೆ ತಿರುಗ್ಸಿದ್ಯೋ, ಕಿವಿ ಹಿಂಡ್ತೀನಿ" ಎಂದೆ.

ಅವತ್ತಿನಿಂದ ಭಾಷಣದ ಕೆಲಸವೂ ನನ್ನದಾಯಿತು. ತಲೆ ಹಿಡಿಯುವ ಕೆಲಸವೂ ನನ್ನದೇ. ಏಕೆಂದರೆ ದೀಪ ಎಲ್ಲಿ ಹತ್ತಿತೋ ಅಲ್ಲಿಗೆ ತಿರುಗಿ ನೋಡುವುದು ಮನುಷ್ಯರ ಸ್ವಭಾವ. ಅದನ್ನು ಪದ್ಮನಾಭರ ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ. ಕೆಲವರು ಗುಂಡಿ ಒತ್ತುವುದನ್ನು ಬಿಟ್ಟು "ಬಂತು ಬಂತು, ಅಗಾ ಅಲ್ಲಿ" ಎಂದು ಬೆರಳು ತೋರಿಸುತ್ತಿದ್ದರು. ನಾನು ಹಿಂದೆ ನಿಂತು ಎರಡು ಕೈಯಲ್ಲಿ ತಲೆ ಹಿಡಿದುಕೊಳ್ಳುತ್ತಿದ್ದೆ. ಅವರ ನೆತ್ತಿಯ ಮೇಲಿಂದ ಬಾಂಡ್ಲಿಯೊಳಗೆ ಹತ್ತುವ ದೀಪಗಳೆಲ್ಲ ನನಗೆ ಕಾಣುತ್ತಿದ್ದವು. ಇಡೀ ಕ್ಯಾಂಪಿನಲ್ಲಿ ಪರೀಕ್ಷೆ ನೋಡುವವಳು ನಾನೊಬ್ಬಳೇ. ಡಾಕ್ಟರು ಹೊರಗೆ, ಇಂಜಿನಿಯರ್ ಟಿವಿಯ ಮುಂದೆ.

ಹೊನ್ನಾಳಿ ಕ್ಯಾಂಪಿನಲ್ಲಿ ನಾನು ಮಾಡಿದ ಘನಕಾರ್ಯವನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರನ್ನು ಮಾತ್ರ ಆಡಿಕೊಂಡಂತಾಗುತ್ತದೆ. ನೂರಾರು ಜನರ ಹಣೆ ತಾಗಿ ಬಾಂಡ್ಲಿಯ ಅಂಚಿನಲ್ಲಿ ಎಣ್ಣೆ, ಕುಂಕುಮ, ವಿಭೂತಿ ಎಲ್ಲ ಮೆತ್ತಿಕೊಂಡಿತ್ತು. ಪದ್ಮನಾಭರು, "ಹಾಲಮ್ಮನವರೇ, ಇದನ್ನ ಸ್ವಲ್ಪ ಸ್ವಚ್ಛ ಮಾಡ್ತೀರಾ?" ಎಂದು ಹೇಳಿ ಹಜಾಮತಿಗೆ ಹೋದರು. ಪಾತ್ರೆ ಸ್ವಚ್ಛ ಮಾಡುವುದನ್ನು ನನಗೆ ಯಾರು ಹೇಳಿಕೊಡಬೇಕು? ಬೂದಿ ತಂದೆ, ತೆಂಗಿನ ನಾರು ತಂದೆ, ಕೂತು ತಿಕ್ಕಿದೆ. ಬಿಳಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಕೆಳಗಿನ ಅಲ್ಯೂಮಿನಿಯಂ ಫಳಫಳ ಹೊಳೆಯಿತು. ನನಗಂತೂ ಬಹಳ ತೃಪ್ತಿಯಾಯಿತು.

ಪದ್ಮನಾಭರು ಬಂದವರೇ ನೆಲದ ಮೇಲೆ ಕೂತರು.

"ಏನ್ ಮಾಡಿದ್ರಿ ಅಮ್ಮಾ?"

"ತೊಳ್ದೆ."

"ಒಳಗಡೆ ಹೊಳೀಬಾರದು ಕಣಮ್ಮ! ಒಂದು ದೀಪ ಹತ್ತಿದ್ರೆ ಹತ್ತು ಕಡೆ ಕಾಣುತ್ತೆ ಈಗ!"

"ಹೊಳೀಬಾರದು ಅಂದ್ರೆ ಮೊದ್ಲೇ ಹೇಳ್ಬೇಕಿತ್ತು. ಪಾತ್ರೆ ಹೊಳೀದಂಗೆ ತೊಳೀರಿ ಅಂತ ನನ್ನ ಜನ್ಮದಾಗೆ ಯಾರೂ ಹೇಳಿರಲಿಲ್ಲ."

ಬಣ್ಣ ಬರಬೇಕೆಂದರೆ ತಿಂಗಳಾಗುತ್ತದೆ ಎಂದು ತಲೆ ಮೇಲೆ ಕೈ ಹೊತ್ತು ಕೂತರು. ನಾನು ಕಸಬರಿಗೆಯ ಕಡ್ಡಿಗಳನ್ನು ಮುರಿದು ಒಂದೊಂದು ತೂತಿಗೂ ಒಂದೊಂದು ಸಿಕ್ಕಿಸಿದೆ, ಸುಣ್ಣಕ್ಕೆ ಸ್ವಲ್ಪ ಅಂಟು ಕಲಸಿ, ತೆಳ್ಳಗೆ ಮೂರು ಸಲ ಬಳಿದೆ. ಒಣಗಿದ ಮೇಲೆ ಕಡ್ಡಿ ಕಿತ್ತೆ. ಕಂಪನಿಯ ಬಣ್ಣಕ್ಕಿಂತ ಒಂದೇ ಸಮನಾಗಿ, ಸ್ವಲ್ಪವೂ ಹೊಳೆಯದಂತೆ ಬಂತು. ಅವರು ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಏನು ಬರೆದಿರಿ ಎಂದರೆ, "ಒಳಮೈ ಲೇಪನ ಸುಧಾರಿಸಲಾಯಿತು" ಎಂದು ಓದಿದರು. ಯಾರು ಸುಧಾರಿಸಿದರು ಎಂಬುದಿರಲಿಲ್ಲ. ಸುಣ್ಣ ತಾನಾಗಿಯೇ ಬಂದು ಹತ್ತಿಕೊಂಡಿರಬೇಕು.

ಸುಣ್ಣ ಬಳಿದ ಮೇಲೆ ಅವರಿಗೆ ನನ್ನಲ್ಲಿ ನಂಬಿಕೆ ಬಂತು. ಅದೇ ಕೆಟ್ಟದ್ದಾಯಿತು.

ಯಂತ್ರ ಒಳ್ಳೆಯ ಕಣ್ಣಿನ ಮುಂದೆ ಪ್ರತಿದಿನ ಒಂದೇ ಉತ್ತರ ಕೊಡುತ್ತದೋ ಇಲ್ಲವೋ ಎಂದು ನೋಡಲು ಅವರಿಗೆ ಒಬ್ಬರ ಕಣ್ಣು ಬೇಕಿತ್ತು. ಡಾಕ್ಟರಿಗೆ ಪುರುಸೊತ್ತಿಲ್ಲ. ರೋಗಿಗಳಲ್ಲಿ ಒಳ್ಳೆಯ ಕಣ್ಣಿದ್ದವರು ಕ್ಯಾಂಪಿಗೆ ಯಾಕೆ ಬರುತ್ತಾರೆ? ಹಾಗಾಗಿ ಹಾಲಮ್ಮನ ಕಣ್ಣು. ದಿನಾ ಮಧ್ಯಾಹ್ನ ಊಟವಾದ ಮೇಲೆ ನಾನು ಬಾಂಡ್ಲಿಯೊಳಗೆ ಮುಖ ಇಡಬೇಕು. ಕಿಟಕಿಗೆಲ್ಲ ಕಂಬಳಿ ಹೊದಿಸಿದ ಕತ್ತಲೆ ಕೋಣೆ, ಹೊಟ್ಟೆಯಲ್ಲಿ ಮುದ್ದೆ, ಬೆಳಗಿನಿಂದ ನಿಂತು ನಿಂತು ಕಾಲು ಬಾತುಕೊಂಡಿರುತ್ತಿದ್ದವು. ಆ ಗದ್ದ ಇಡುವ ಪಟ್ಟಿ ಎಷ್ಟು ಹಿತವಾಗಿತ್ತು ಎಂದರೆ, ಅದನ್ನು ಮಾಡಿದವನು ಮಲಗುವುದಕ್ಕೇ ಮಾಡಿದ್ದಾನೆ ಎನಿಸುತ್ತಿತ್ತು. ಮೊದಲೆರಡು ದಿನ ಸರಿಯಾಗಿ ನೋಡಿದೆ. ಮೂರನೆಯ ದಿನದಿಂದ ಕಣ್ಣು ಮುಚ್ಚಿಹೋಗುತ್ತಿತ್ತು. ಆದರೆ ಹೆಬ್ಬೆರಳು ತನ್ನ ಕೆಲಸ ತಾನು ಮಾಡುತ್ತಿತ್ತು.

ಹೇಗೆಂದರೆ, ಒಂದೊಂದು ದೀಪ ಹತ್ತುವಾಗಲೂ ಆ ಕಬ್ಬಿಣದ ಡಬ್ಬಿಯೊಳಗೆ ಏನೋ ಒಂದು ಟಿಕ್ ಎನ್ನುತ್ತಿತ್ತು. ಟಿಕ್, ಒತ್ತು. ಟಿಕ್, ಒತ್ತು. ರಾಗಿ ಬೀಸುವಾಗ ಕೈ ತಾನಾಗಿ ತಿರುಗುವುದಿಲ್ಲವೇ, ಹಾಗೆ.

ಇದು ತಪ್ಪೆಂದು ನನಗೆ ಆಗ ಅನಿಸಲಿಲ್ಲ. ನನ್ನ ಕಣ್ಣು ಚೆನ್ನಾಗಿಯೇ ಇದೆ, ಚೆನ್ನಾಗಿದೆ ಎಂದು ಯಂತ್ರ ಹೇಳಿದರೆ ಯಾರ ಗಂಟು ಹೋಯಿತು ಎಂದುಕೊಂಡೆ. ಪದ್ಮನಾಭರಂತೂ ಹಿಗ್ಗಿ ಹೀರೆಕಾಯಿ. "ಹಾಲಮ್ಮನವರೇ, ನಿಮ್ಮಷ್ಟು ಒಂದೇ ಸಮ ಉತ್ತರ ಕೊಡೋ ಕಣ್ಣನ್ನ ನಾನು ನೋಡೇ ಇಲ್ಲ" ಎಂದು ಯಂತ್ರ ಅಚ್ಚು ಹಾಕಿಕೊಟ್ಟ ನನ್ನ ಕಾಗದಗಳನ್ನೆಲ್ಲ ಒಂದು ಕಡತಕ್ಕೆ ಹೊಲಿದು, ಯಂತ್ರ ನಂಬಿಕೆಗೆ ಯೋಗ್ಯ ಎಂದು ಮೇಲಿನವರಿಗೆ ಬರೆದು ಕಳಿಸಿದರು. ಮೇಲಿನವರು ಸಂತೋಷಪಟ್ಟು ಉತ್ತರ ಬರೆದರು. ಗೊರಕೆಯೊಂದು ಬಿಟ್ಟು ಎಲ್ಲ ಕಾಗದದಲ್ಲಿತ್ತು.

ಅಲ್ಲಿಂದ ನ್ಯಾಮತಿಗೆ ಹೋದೆವು. ಆಗ ನ್ಯಾಮತಿ ತಾಲೂಕು ಗೀಲೂಕು ಏನೂ ಆಗಿರಲಿಲ್ಲ, ಹೊನ್ನಾಳಿಗೆ ಸೇರಿತ್ತು. ಸಂತೆ ಮೈದಾನದ ಬಳಿ ಒಂದು ಖಾಲಿ ಗೋದಾಮು ಕೊಟ್ಟಿದ್ದರು. ಅಲ್ಲಿಗೆ ಬಂದವನು ಹನುಮಂತಪ್ಪ. ಗೋವಿನಕೋವಿಯವನು, ನನಗಿಂತ ನಾಲ್ಕಾರು ವರ್ಷ ದೊಡ್ಡವನಿರಬೇಕು, ಆದರೂ ಕರೆಯುವುದು ಅಕ್ಕಾ ಎಂದೇ. ಹೊನ್ನಾಳಿಯಿಂದ ನ್ಯಾಮತಿ, ಸವಳಂಗದ ಮೇಲೆ ಶಿವಮೊಗ್ಗಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ಖಾಕಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡಿದ್ದ.

"ಏನಾಗೈತಪ್ಪ?" ಎಂದೆ.

"ನಂಗೇನೂ ಆಗಿಲ್ಲಕ್ಕ. ನಮ್ಮ ಸಾವ್ಕಾರ್ರಿಗೆ ಆಗಿರೋದು. ಹೋದ ತಿಂಗ್ಳು ಒಂದ್ ಎತ್ತಿನ ಗಾಡಿಗೆ ಎಡಗಡೆ ಸ್ವಲ್ಪ ಉಜ್ತು. ಅದಕ್ಕೆ ಕಣ್ಣಿನ ಡಾಕ್ಟ್ರ ಹತ್ರ ಚೀಟಿ ತಗಂಬಾ, ಇಲ್ಲಾಂದ್ರೆ ಸೀಟಿಗೆ ಹತ್ತಬ್ಯಾಡ ಅಂದವ್ರೆ. ಇಪ್ಪತ್ತು ವರ್ಷ ಆತು ಈ ರೋಡ್ನಾಗೆ. ಕಣ್ಣು ಮುಚ್ಕಂಡು ಓಡಿಸ್ತೀನಿ ನಾನು."

"ಗಾಡಿಗೆ ಉಜ್ಜಿದಾಗ ತೆಗ್ದಿದ್ಯೋ, ಮುಚ್ಚಿದ್ಯೋ?"

ಅವನು ನಕ್ಕ. ಒಳ್ಳೆಯ ಮನುಷ್ಯ, ಬೈದರೂ ನಗುತ್ತಿದ್ದ.

ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿದ. ರುದ್ರಯ್ಯನವರು ಕಣ್ಣಿನ ಒತ್ತಡ ಅಳೆದು, "ಹ್ಞೂಂ, ಸ್ವಲ್ಪ ಜಾಸ್ತಿ ಐತಲ್ಲಪ್ಪ" ಎಂದರು. ಅಲ್ಲಿಗೆ ಅವರಿಗೆ ಅನುಮಾನ ಬಂದಿತ್ತು. ಡಾಕ್ಟರಿಕೆ ಬರುತ್ತಿತ್ತು ಅವರಿಗೆ. ಯಂತ್ರ ಇಲ್ಲದಿದ್ದರೆ ಕಪ್ಪು ಬಟ್ಟೆ ತೂಗುಹಾಕುತ್ತಿದ್ದರು. ಯಂತ್ರ ಇತ್ತಲ್ಲ, ಬಾಂಡ್ಲಿಗೆ ಕೂರಿಸಿ ಎಂದು ಹೊರಗೆ ಹೋದರು.

ನಾನು ತಲೆ ಹಿಡಿದು ನಿಂತೆ. ದೀಪ ಹತ್ತಿತು, ಒತ್ತಿದ. ಹತ್ತಿತು, ಒತ್ತಿದ. ಒಂದೂ ಬಿಡಲಿಲ್ಲ. ಎರಡೂ ಕಣ್ಣು ಮುಗಿದಾಗ ಯಂತ್ರದಿಂದ ಕಾಗದದ ಸುರುಳಿ ಹೊರಗೆ ಬಂತು. ಕಾಣದ ಜಾಗಕ್ಕೆ ಕಪ್ಪು ಚೌಕ ಬರುತ್ತಿತ್ತು. ಇವನ ಕಾಗದದಲ್ಲಿ ಒಂದೂ ಕಪ್ಪಿಲ್ಲ. ಪದ್ಮನಾಭರು ಅದನ್ನು ದೇವರ ಪ್ರಸಾದದಂತೆ ಎರಡು ಕೈಯಲ್ಲಿ ಹಿಡಿದು ಡಾಕ್ಟರಿಗೆ ಕೊಟ್ಟರು.

ಅಷ್ಟರಲ್ಲಿ ಚಹಾ ಬಂತು. ನಾನು ಒಂದು ಲೋಟವನ್ನು ಹನುಮಂತಪ್ಪನ ಎಡಗಡೆಯಿಂದ ಅವನ ಮುಖದ ಹತ್ತಿರಕ್ಕೇ ಹಿಡಿದೆ. ತೆಗೆದುಕೊಳ್ಳಲಿಲ್ಲ. ಹಿಡಿದೇ ಇದ್ದೆ. ಅವನು ಡಾಕ್ಟರ ಕಡೆ ನೋಡುತ್ತ, "ನಮ್ಗೆ ಚಾ ಇಲ್ವೇನಕ್ಕ?" ಎಂದು ಹೇಳಿ ಕೈ ಬೀಸಿದ. ಲೋಟ ಅವನದೇ ಇಸ್ತ್ರಿ ಅಂಗಿಯ ಮೇಲೆ ಬಿತ್ತು.

"ಸಾರ್, ಇವನಿಗೆ ಎಡಕ್ಕೆ ಕಾಣಲ್ಲ" ಎಂದೆ.

ಪದ್ಮನಾಭರು ನಕ್ಕರು. "ಹಾಲಮ್ಮನವರೇ, ಮನುಷ್ಯ ಗಮನ ಬೇರೆ ಕಡೆ ಇಟ್ಟಿರ್ತಾನೆ. ಯಂತ್ರಕ್ಕೆ ಗಮನ ತಪ್ಪಲ್ಲ. ಪ್ರತಿಯೊಂದು ದೀಪಕ್ಕೂ ಅವರು ಒತ್ತಿದ್ದಾರೆ, ನೀವೇ ನಿಂತು ನೋಡಿದ್ರಲ್ಲ?"

ನೋಡಿದ್ದೆ. ಅದೇ ನನ್ನ ಬಾಯಿ ಕಟ್ಟಿತು. ರುದ್ರಯ್ಯನವರು ಗಡಿಯಾರ ನೋಡಿದರು, ಕಾಗದ ನೋಡಿದರು. "ಒತ್ತಡ ಸ್ವಲ್ಪ ಇದ್ರೂ ಪಕ್ಕದ ನೋಟ ಪೂರ್ತಿ ಐತೆ. ಆರು ತಿಂಗ್ಳು ಬಿಟ್ಟು ಬಾರಪ್ಪ" ಎಂದು ಸಹಿ ಹಾಕಿದರು. ಹನುಮಂತಪ್ಪ ಒದ್ದೆ ಅಂಗಿಯ ಜೇಬಿಗೆ ಚೀಟಿ ಮಡಚಿ ಇಟ್ಟುಕೊಂಡು, "ಬರ್ತೀನಕ್ಕ, ಅಂಗಿ ತೊಳ್ದಿದ್ದು ನಿಮ್ಮ ಲೆಕ್ಕ" ಎಂದು ಹೋದ. ಸ್ವಲ್ಪ ಹೊತ್ತಿಗೆ ಬಸ್ಸಿನ ಹಾರನ್ ಕೇಳಿಸಿತು.

ಮುಂದಿನ ವಾರ ಜಗಳೂರಿನ ಕ್ಯಾಂಪು. ಎಂದಿನಂತೆ ಮಧ್ಯಾಹ್ನ ಬಾಂಡ್ಲಿಗೆ ಮುಖ ಇಟ್ಟೆ. ಆ ಒಂದು ವಾರ ನನಗೆ ಆ ಲೋಟದ್ದೇ ಯೋಚನೆಯಾಗಿತ್ತು. ಅವತ್ತು ನಿದ್ದೆ ಬರಲಿಲ್ಲ. ಆದರೆ ಅಭ್ಯಾಸಬಲದಿಂದ ಕಣ್ಣು ಮುಚ್ಚಿತ್ತು, ಬೆರಳು ಒತ್ತುತ್ತಿತ್ತು. ಟಿಕ್, ಒತ್ತು. ಟಿಕ್, ಒತ್ತು. ಆಗ ನನ್ನ ಮಂಡೆಗೆ ಹೊಳೆಯಿತು. ಕಣ್ಣು ಮುಚ್ಚಿದ ನಾನು ಪಾಸಾಗುತ್ತೇನೆ ಎಂದರೆ ಅವನು ಪಾಸಾಗುವುದರಲ್ಲಿ ಏನು ಆಶ್ಚರ್ಯ? ಅವನು ಡ್ರೈವರು. ಗೇರು ಹಾಕುವುದು ಇಂಜಿನ್ನಿನ ಸದ್ದು ಕೇಳಿ, ಬಸ್ ನಿಲ್ಲಿಸುವುದು ಕಂಡಕ್ಟರನ ಸೀಟಿ ಕೇಳಿ. ಕಿವಿಯೇ ಅವನ ಕಸುಬು. ಟಿಕ್ ಎಂದರೆ ಒತ್ತದೆ ಬಿಡುತ್ತಾನೆಯೇ?

ಹೇಳಿದರೆ ಕೆಲಸದ ಹೊತ್ತಿನಲ್ಲಿ ನಿದ್ದೆ ಹೊಡೆದದ್ದು ಬಯಲಾಗುತ್ತದೆ, ನನ್ನ ಅನ್ನಕ್ಕೆ ಕುತ್ತು. ಹೇಳದಿದ್ದರೆ ಸವಳಂಗದ ರಸ್ತೆಯಲ್ಲಿ ಎಡಗಡೆ ನಡೆದು ಹೋಗುವವರಿಗೆ ಕುತ್ತು. ಬಹಳ ಯೋಚಿಸಿ ದೊಡ್ಡ ಮನಸ್ಸು ಮಾಡಿದೆ ಎಂದೇನೂ ಬರೆಯುವುದಿಲ್ಲ. ಸಿಟ್ಟು ಬಂದಿತ್ತು, ಎದ್ದೆ.

"ಪದ್ಮನಾಭಪ್ಪಾರೇ, ಇಲ್ಲಿ ಬರ್ರಿ. ಡಾಕ್ಟ್ರನ್ನೂ ಕರೀರಿ."

ಇಬ್ಬರೂ ಬಂದರು. ರುದ್ರಯ್ಯನವರ ಬಾಯಲ್ಲಿ ಇನ್ನೂ ಎಲೆ ಅಡಿಕೆ ಇತ್ತು. ಒಂದು ಪಟ್ಟಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಎರಡೂ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡೆ. ತಡಕಾಡಿ ಕುರ್ಚಿ ಹಿಡಿದು ಕೂತೆ.

"ಈಗ ಶುರು ಮಾಡ್ರಿ."

"ಏನ್ ಹುಡುಗಾಟ ಇದು ಹಾಲಮ್ಮ?" ಡಾಕ್ಟರು ರೇಗಿದರು.

"ಹುಡುಗಾಟ ಯಾರದ್ದು ಅಂತ ಕಾಗದ ಬಂದ ಮೇಲೆ ನೋಡಾಣ್ರಿ."

ಟಿಕ್ ಎಂದಾಗಲೆಲ್ಲ ಒತ್ತಿದೆ. ಕೊನೆಗೆ ಕಾಗದ ಹೊರಗೆ ಬರುವ ಸದ್ದು ಕೇಳಿಸಿತು. ನಾನು ಕಣ್ಣಿನ ಬಟ್ಟೆ ಬಿಚ್ಚಿ ನೋಡಿದರೆ, ಪದ್ಮನಾಭರ ಕೈಯಲ್ಲಿ ಕಾಗದ, ಅದರಲ್ಲಿ ಒಂದೂ ಕಪ್ಪು ಚೌಕವಿಲ್ಲ. ಎರಡೂ ಕಣ್ಣು ಕಟ್ಟಿದ ಹೆಂಗಸಿಗೆ ಎಲ್ಲ ಕಡೆಯೂ ಕಾಣುತ್ತದೆ ಎಂದು ಕಂಪ್ಯೂಟರ್ ಬರೆದುಕೊಟ್ಟಿತ್ತು.

"ಶಬ್ದ..." ಎಂದರು ಪದ್ಮನಾಭರು. ದೀಪಕ್ಕೆ ಕರೆಂಟು ಬಿಡುವ ಪುಟ್ಟ ಸ್ವಿಚ್ಚುಗಳು ಆ ಡಬ್ಬಿಯಲ್ಲಿದ್ದವು, ಅವು ಬಡಿದುಕೊಳ್ಳುವ ಸದ್ದು. ಅಷ್ಟು ದಿನದಿಂದ ಅವರ ಕಿವಿಗೂ ಬೀಳುತ್ತಿತ್ತು. ಬಿದ್ದದ್ದು ಕೇಳಿಸಬೇಕಲ್ಲ. ಆಮೇಲೆ ನಿಧಾನವಾಗಿ ಕೇಳಿದರು, "ಹಾಗಾದ್ರೆ... ನಿಮ್ಮ ಹಳೇ ಕಾಗದಗಳು?"

"ಮೂರನೇ ದಿನದಿಂದ ಎಲ್ಲಾವೂ ನಿದ್ದೇವು ಸ್ವಾಮಿ. ಹರ್ದಾಕ್ರಿ."

ಅವರ ಮುಖ ನೋಡಿ ನನಗೂ ಒಂದು ಗಳಿಗೆ ಪಾಪ ಎನಿಸಿತು. ತಿಂಗಳುಗಟ್ಟಲೆ ದುಡಿಮೆ, ಮೇಲಿನವರ ಹೊಗಳಿಕೆ ಎಲ್ಲವೂ ನನ್ನ ಹೆಬ್ಬೆರಳಿನ ಮೇಲೆ ನಿಂತಿತ್ತು. ರುದ್ರಯ್ಯನವರು ಬಾಯಲ್ಲಿದ್ದುದನ್ನು ಉಗಿದು ಬಂದು, ನನ್ನ ಮೇಲೆ ಎಗರಾಡಿದರು. ನಿದ್ದೆ ಹೊಡೆಯುವುದಕ್ಕೆ ಸಂಬಳ ಕೊಡುತ್ತಾರೇನು, ಮೆಮೊ ಕೊಡುತ್ತೇನೆ, ಮನೆಗೆ ಕಳಿಸುತ್ತೇನೆ ಎಂದರು.

"ಕಳಿಸ್ರಿ. ಮೊದ್ಲು ಆ ಡ್ರೈವರ್‌ನ ಸೀಟಿಂದ ಇಳಿಸ್ರಿ. ಸಹಿ ನಿಮ್ದೈತೆ ಸಾರ್, ನನ್ದಲ್ಲ."

ಅವರು ವ್ಯಾನು ಸಿದ್ಧ ಮಾಡಲು ಹೇಳಿದರು. ಹೇಳಿದೆನಲ್ಲ, ಕೆಟ್ಟವರಲ್ಲ. ಮರುದಿನ ಬೆಳಗಿನ ಕ್ಯಾಂಪು ರದ್ದು ಮಾಡಿ, ಬಾಂಡ್ಲಿಯ ಸಮೇತ ಮೂವರೂ ವ್ಯಾನು ಹತ್ತಿದೆವು. ದಾವಣಗೆರೆ ದಾಟಿ ಹೊನ್ನಾಳಿಯ ದಾರಿ ಹಿಡಿದೆವು. ಎದುರಿಗೆ ಬಸ್ ಬಂದಾಗಲೆಲ್ಲ ಮೂವರೂ ಅದರ ಎಡಗಡೆಯ ತಗಡನ್ನು ನೋಡುತ್ತಿದ್ದೆವು.

ಅವನ ಬಸ್ಸು ಮಧ್ಯಾಹ್ನ ಶಿವಮೊಗ್ಗದಿಂದ ಬಂದು ನ್ಯಾಮತಿಯಲ್ಲಿ ಚಹಾಕ್ಕೆ ನಿಲ್ಲುತ್ತಿತ್ತು. ನಾವು ಗೋದಾಮು ತೆಗೆಸಿ ಬಾಂಡ್ಲಿ ಜೋಡಿಸಿದೆವು. ಪದ್ಮನಾಭರು ಟಿಕ್ ಎನ್ನುವ ಡಬ್ಬಿಯನ್ನು ಹೊರಗೆ ವ್ಯಾನಿನಲ್ಲಿಟ್ಟು, ಉದ್ದ ತಂತಿಯನ್ನು ಬಾಗಿಲ ಸಂದಿಯಿಂದ ಒಳಗೆ ಎಳೆದರು. ಒಳಗೆ ಕೂತು ಕಿವಿಗೊಟ್ಟೆ. ಒಂದು ಸದ್ದೂ ಇಲ್ಲ.

ಬಸ್ಸು ಬಂತು. ಹನುಮಂತಪ್ಪ ಇಳಿಯುವುದನ್ನೇ ಕಾದಿದ್ದು ಅವನ ಮುಂದೆ ನಿಂತೆ.

"ಓಹೋ ಅಕ್ಕ! ಅಂಗಿ ತೊಳ್ಯಾಕೆ ಬಂದ್ರಾ?"

"ಇನ್ನೊಂದ್ಸಲ ಬಾಂಡ್ಲಿಗೆ ಕೂತ್ಕೋ ಬಾರಪ್ಪ."

"ಮೊನ್ನೆ ಪಾಸ್ ಮಾಡಿದ್ರಲ್ರೀ?"

"ಬಾಂಡ್ಲಿ ಸುಳ್ಳು ಹೇಳೈತೆ."

ಅವನ ನಗು ಅಲ್ಲಿಗೇ ನಿಂತಿತು. ಡಾಕ್ಟರ ಕಡೆ ನೋಡಿದ. ಡಾಕ್ಟರು ನೆಲ ನೋಡುತ್ತಿದ್ದರು. "ಬಸ್ ತುಂಬ ಜನ ಅದಾರ್ರೀ. ಟೈಮಾಗ್ತೈತೆ" ಎಂದ.

"ಅದಾರೆ ಅಂತಾನೇ ಕರೀತಿರೋದು."

ಒಳಗೆ ಬಂದ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬಲಗಣ್ಣಿಗೆ ಬಟ್ಟೆ ಕಟ್ಟಿ, ಗುಂಡಿಯನ್ನು ಕೈಗೆ ಕೊಟ್ಟೆ. ಹಿಂದೆ ನಿಂತು ತಲೆ ಹಿಡಿದೆ. ಪದ್ಮನಾಭರು ಶುರು ಮಾಡಿದರು.

ಎಡಗಡೆ ಅಂಚಿನಲ್ಲಿ ಒಂದು ದೀಪ ಹತ್ತಿತು. ನನಗೆ ಕಂಡಿತು. ಅವನ ಹೆಬ್ಬೆರಳು ಗುಂಡಿಯ ಮೇಲೆ ಹಾಗೆಯೇ ಇತ್ತು. ದೀಪ ಆರಿತು. ಅದರ ಕೆಳಗೆ ಇನ್ನೊಂದು. ಆರಿತು. ಮೇಲೊಂದು, ಒಳಗೊಂದು. ಮೂಗಿನ ಕಡೆ ಎರಡು. ನಾನು ಮನಸ್ಸಿನಲ್ಲಿ ಒತ್ತು, ಒತ್ತು ಎನ್ನುತ್ತಿದ್ದೆ. ನನ್ನ ಕೈ ಅವನ ತಲೆಯನ್ನು ಎಷ್ಟು ಗಟ್ಟಿ ಹಿಡಿದಿತ್ತೋ. ಹೊರಗೆ ಕಂಡಕ್ಟರು ಹಾರನ್ ಬಾರಿಸಿದ, ಯಾರೋ "ಏ ಹನುಮಂತಪ್ಪ, ಎಲ್ಲಿ ಹಾಳಾಗಿ ಹೋದ್ಯೋ" ಎಂದು ಕೂಗಿದರು. ದೀಪ ಹತ್ತುತ್ತಿತ್ತು, ಆರುತ್ತಿತ್ತು. ಅವನು ಉಸಿರು ಬಿಗಿಹಿಡಿದು, ಕೆಂಪು ಚುಕ್ಕಿಯನ್ನೇ ನೋಡುತ್ತ, ಬಹಳ ನಿಷ್ಠೆಯಿಂದ ಕಾಯುತ್ತಿದ್ದ.

ಆಮೇಲೆ ಕೇಳಿದ:

"ಇನ್ನೂ ಶುರುವಾಗಿಲ್ವೇನಕ್ಕ?"

ಪದ್ಮನಾಭರು ಟಿವಿಯಿಂದ ತಲೆ ಎತ್ತಿದರು. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

"ಅರ್ಧ ಮುಗೀತಪ್ಪ" ಎಂದೆ.

ನನ್ನ ಕೈಯೊಳಗೆ ಅವನ ತಲೆ ಅಲುಗಾಡಲಿಲ್ಲ. ಹೆಬ್ಬೆರಳು ಮಾತ್ರ ಒಂದು ಸಲ ಒತ್ತಿತು. ಆಗ ಬಾಂಡ್ಲಿಯಲ್ಲಿ ಯಾವ ದೀಪವೂ ಇರಲಿಲ್ಲ.

ಎಡಗಣ್ಣಿನಲ್ಲಿ ನಡುವಿನ ಒಂದಿಷ್ಟು ಬಿಟ್ಟರೆ ಎಲ್ಲ ಕಪ್ಪು ಚೌಕ. ಬಲಗಣ್ಣಿನಲ್ಲೂ ಮೂಗಿನ ಕಡೆಯಿಂದ ಶುರುವಾಗಿತ್ತು. ರುದ್ರಯ್ಯನವರು ಕಪ್ಪು ಬಟ್ಟೆ ತೂಗುಹಾಕಿ, ತಾವೇ ಮಣಿ ಹಿಡಿದು ಅರ್ಧ ಗಂಟೆ ನಿಂತರು. ಬಟ್ಟೆಯೂ ಅದನ್ನೇ ಹೇಳಿತು. ಚೀಟಿ ವಾಪಸ್ ಕೇಳಿದಾಗ ಹನುಮಂತಪ್ಪ ಜೇಬಿನಿಂದ ತೆಗೆದುಕೊಟ್ಟ. ಮೋಸ ಮಾಡಿದೆಯೇನಪ್ಪ ಎಂದು ಡಾಕ್ಟರು ಕೇಳಿದರು, ತಮ್ಮ ಸಮಾಧಾನಕ್ಕೆ.

"ಮೋಸ ಯಾಕ್ರೀ ಮಾಡ್ಲಿ? ಟಿಕ್ ಅಂತು, ಹಂಗಾರೆ ದೀಪ ಬಂದೈತೆ, ನಾನೇ ನೋಡಿಲ್ಲ ಅಂತ ಒತ್ತಿದೆ. ಬಂದಿದ್ದು ಖರೇವೇ ಅಲ್ವೇನ್ರೀ?"

ಇಂಜಿನಿಯರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಬಸ್ಸಿನ ಜನ ಒಂದು ಗಂಟೆ ಕಾದು, ಬೇರೆ ಡ್ರೈವರ್ ಬಂದ ಮೇಲೆ ಹೊರಟರು. ಹೊರಡುವಾಗ ಕಿಟಕಿಯಿಂದ ಬೈದದ್ದು ನನ್ನನ್ನು. ಅವರನ್ನು ಬದುಕಿಸಿದ್ದೇನೆ ಎಂದು ಕೂಗಿ ಹೇಳಲು ಹೋಗಲಿಲ್ಲ. ಅವರ ಸಂತೆ ಸಾಮಾನು ಬಾಡುತ್ತಿತ್ತು.

ಪದ್ಮನಾಭರು ಆಮೇಲೆ ಯಂತ್ರವನ್ನು ಮತ್ತೆ ಮೊದಲಿನಿಂದ ಕಟ್ಟಿದರು. ಸದ್ದಿಲ್ಲದ ಡಬ್ಬಿ ಮಾಡಿದರು. ದೀಪಗಳು ಒಂದೇ ತಾಳಕ್ಕೆ ಬರದಂತೆ ಹಿಂದೆ ಮುಂದೆ ಮಾಡಿದರು. ನಡುನಡುವೆ ದೀಪ ಹತ್ತಿಸದೆ ಬೇಕೆಂದೇ ಬರೀ ಟಿಕ್ ಎನ್ನಿಸುವುದನ್ನೂ ಸೇರಿಸಿದರು. ಅದಕ್ಕೆ ಒತ್ತಿದವನ ಕಾಗದವನ್ನು ನಂಬಬಾರದು ಎಂದು ಕಂಪ್ಯೂಟರೇ ಹೇಳುವಂತೆ. ಅದನ್ನು ನನ್ನ ಮೇಲೆಯೇ ಮೊದಲು ಪ್ರಯೋಗ ಮಾಡಿದರು. ಊಟಕ್ಕೆ ಮುಂಚೆ. ಅವರ ವರದಿಯಲ್ಲಿ "ಶಬ್ದದ ಪ್ರಭಾವ ನಿವಾರಿಸಲಾಯಿತು" ಎಂದು ಬಂತು. ನನಗೆ ಮೆಮೊ ಬಂತು, ಕರ್ತವ್ಯದ ವೇಳೆ ನಿದ್ರಿಸಿದ್ದಕ್ಕೆ. ಇಡೀ ಪ್ರಕರಣದಲ್ಲಿ ನನ್ನ ಹೆಸರನ್ನು ತಪ್ಪಿಲ್ಲದೆ ಬರೆದ ಕಾಗದ ಅದೊಂದೇ.

ಹನುಮಂತಪ್ಪನ ಬಸ್ ಕೆಲಸ ಹೋಯಿತು. ಅದನ್ನು ಯಾರೂ ನಿವಾರಿಸಲಿಲ್ಲ. ಬಸ್ ನಿಲ್ದಾಣದಲ್ಲಿ ಊರ ಹೆಸರು ಕೂಗುವ ಕೆಲಸ ಸಿಕ್ಕಿತಂತೆ. ನಮ್ಮ ವ್ಯಾನು ನ್ಯಾಮತಿಗೆ ಬಂದಾಗಲೆಲ್ಲ ಬಂದು ಹನಿಯ ಸಾಲಿನಲ್ಲಿ ನಿಲ್ಲುತ್ತಿದ್ದ. ನನ್ನ ಜೊತೆ ಮಾತಾಡುತ್ತಿರಲಿಲ್ಲ. ಅಕ್ಕಾ ಎನ್ನುತ್ತಿರಲಿಲ್ಲ. ಅವನ ಸರದಿ ಬಂದಾಗ ಬೆಂಚಿನ ಮೇಲೆ ಕೂತು, ತಲೆ ಹಿಂದಕ್ಕೆ ಚೆಲ್ಲಿ, ಆಕಾಶ ನೋಡುತ್ತ ಇರುತ್ತಿದ್ದ. ನಾನೂ ಮಾತಾಡಿಸಲು ಹೋಗಲಿಲ್ಲ. ರೆಪ್ಪೆ ಬಿಡಿಸಿ ಹನಿ ಹಾಕುವಾಗ ಮಿಟುಕಿಸದಿದ್ದರೆ ನನಗೆ ಸಾಕಿತ್ತು. ಅವನು ಮಿಟುಕಿಸುತ್ತಿರಲಿಲ್ಲ.